ಇಂಗಿನ ಡಬ್ಬಿಯ ತೂಕ

ಎಂಜಿನಿಯರನ್ನು ಮದುವೆಯಾದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ನಾವು ಲೆಕ್ಕ ತಪ್ಪುವುದಿಲ್ಲ, ತಪ್ಪಿದರೆ ಒಪ್ಪುವುದಿಲ್ಲ. ನಾನು ಹದಿನೆಂಟು ವರ್ಷಗಳಿಂದ ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ಕಾರುಗಳ ಬ್ರೇಕ್ ವಿನ್ಯಾಸ ಮಾಡುತ್ತಿದ್ದೇನೆ. ಊರವರ ಕಾರುಗಳನ್ನೆಲ್ಲ ನಿಲ್ಲಿಸಬಲ್ಲ ನನಗೆ ನನ್ನ ಆಸೆಯನ್ನು ನಿಲ್ಲಿಸುವ ಬ್ರೇಕ್ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ, ಎಳೆಯುವ ಪಿಕಪ್ ಟ್ರಕ್ಕೇ ಇಲ್ಲದೆ ಮೂವತ್ತು ಅಡಿ ಉದ್ದದ, ಚಕ್ರದ ಮೇಲಿನ ಮನೆಯಂಥ ಟ್ರೈಲರ್ ಕೊಳ್ಳುತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಗುತ್ತಾರಲ್ಲ, ನಾನು ಆ ಕುಲಾವಿಯೊಳಗೆ ಎರಡು ಮಂಚ, ಒಂದು ಸೋಫಾ, ಮೂರು ಒಲೆಯ ಅಡುಗೆಮನೆಯನ್ನೂ ಇಡಿಸಿದ್ದೆ.

ಇದಕ್ಕೆಲ್ಲ ಮೂಲ ಒಂದು ಒಗ್ಗರಣೆ. ಹೋದ ಬೇಸಿಗೆಯಲ್ಲಿ ಮಿಷಿಗನ್ನಿನ ಉತ್ತರದ ಕಡೆ ಒಂದು ಮೋಟೆಲಿನಲ್ಲಿ ನನ್ನ ಹೆಂಡತಿ ವಸುಧಾ ಬೆಳಗಿನ ಉಪ್ಪಿಟ್ಟಿಗೆ ಪುಟ್ಟ ಕರೆಂಟ್ ಒಲೆಯ ಮೇಲೆ ಒಗ್ಗರಣೆ ಇಟ್ಟಳು. ಸಾಸಿವೆ ಸಿಡಿಯಿತು, ಇಂಗು ಬಿತ್ತು, ಚಾವಣಿಯ ಹೊಗೆ ಅಲಾರಂ ಕೂಗಿತು. ಐದು ನಿಮಿಷದಲ್ಲಿ ಮೋಟೆಲಿನ ಅಷ್ಟೂ ಜನ ಪಾರ್ಕಿಂಗ್ ಲಾಟಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ವಸುಧಾ ಬಾಣಲೆ ಹಿಡಿದುಕೊಂಡೇ ಹೊರಗೆ ಬಂದಿದ್ದಳು. "ಇನ್ಮೇಲೆ ಒಗ್ಗರಣೆಗೆ ಯಾರ ಅಪ್ಪಣೆನೂ ಬೇಡದೇ ಇರೋ ಜಾಗಕ್ಕೆ ಮಾತ್ರ ನಾನು ಬರೋದು ಕಣ್ರೀ" ಎಂದಳು. ಮುಂದಿನ ಪ್ರವಾಸಕ್ಕೆ ನಿನ್ನದೇ ಅಡುಗೆಮನೆ ಜೊತೆಗೆ ಬರುತ್ತದೆ ಎಂದು ನಾನು ಅಲ್ಲೇ ಮಾತು ಕೊಟ್ಟೆ. ಅದರಂತೆ ಷಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನ ಒಬ್ಬ ಅಜ್ಜ ಅಜ್ಜಿಯಿಂದ ಟ್ರೈಲರ್ ಕೊಂಡದ್ದೂ ಆಯಿತು. ತಿಂಗಳ ಕೊನೆಯೊಳಗೆ ತಮ್ಮ ಮನೆಮುಂದಿನಿಂದ ಎಳೆದುಕೊಂಡು ಹೋಗಬೇಕು ಎನ್ನುವುದು ಅವರ ಒಂದೇ ಷರತ್ತು.

ಆಮೇಲಿನ ಎರಡು ವಾರ ನಾನು ನೆಲದ ಮೇಲೆ ಇರಲಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಟ್ರಕ್, ಕಾಫಿಯ ಜೊತೆಗೆ ಟ್ರಕ್, ಆಫೀಸಿನ ಊಟದ ಮೇಜಿನಲ್ಲೂ ಟ್ರಕ್. ಡೀಲರ್ ಅಂಗಡಿಯಲ್ಲಿ ಒಂದು ಕೆಂಪು ಟ್ರಕ್ ಕಂಡೆ. ನೋಡಿದ ಕೂಡಲೇ ಮನಸೋತೆ. ನಮ್ಮ ಗ್ಯಾರೇಜಿನೊಳಗೆ ಬೆರಳಷ್ಟು ಜಾಗ ಬಿಟ್ಟು ಹಿಡಿಸುತ್ತದೆ ಎಂದು ಟೇಪು ಹಿಡಿದು ಮೂರು ಸಲ ಅಳೆದೆ. ಅದರ ಪಕ್ಕದಲ್ಲೇ ಅದರ ದೊಡ್ಡಣ್ಣನಂಥ ಬಿಳಿ ಟ್ರಕ್ ಇತ್ತು. ಅದು ಆನೆಯನ್ನಾದರೂ ಎಳೆಯುತ್ತದೆ, ಗ್ಯಾರೇಜಿನೊಳಗೆ ಮಾತ್ರ ಬರುವುದಿಲ್ಲ. ಹೊರಗೆ ನಿಲ್ಲಿಸಿದರೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ದಂಡದ ಪ್ರೇಮಪತ್ರ ಬರೆಯುತ್ತಾರೆ. ಟ್ರೈಲರಿಗೆ ಊರಾಚೆ ಬಾಡಿಗೆ ಜಾಗ ಹಿಡಿದಿದ್ದೆ, ಟ್ರಕ್ಕಿಗೆ ಮನೆಯೇ ಗತಿ. ಆದ್ದರಿಂದ ನನಗೆ ಕೆಂಪು ಟ್ರಕ್ಕೇ ಬೇಕಿತ್ತು.

ಟ್ರಕ್ಕಿನ ಜಾಹೀರಾತು ಎಷ್ಟು ಎಳೆಯುತ್ತದೆ ಎಂದು ಮಾತ್ರ ಹೇಳುತ್ತದೆ. ಎಷ್ಟು ಹೊರುತ್ತದೆ ಎನ್ನುವ ಸತ್ಯ ಡ್ರೈವರ್ ಬಾಗಿಲಿನ ಒಳಗೆ ಒಂದು ಹಳದಿ ಚೀಟಿಯಲ್ಲಿ ಅಡಗಿರುತ್ತದೆ. ಟ್ರೈಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಹೇರುವ ಭಾರವನ್ನು ಕಳೆದರೆ ಕೆಂಪು ಟ್ರಕ್ಕಿನಲ್ಲಿ ಉಳಿಯುತ್ತಿದ್ದದ್ದು ಏಳುನೂರ ಐವತ್ತು ಪೌಂಡು. ಅಷ್ಟರಲ್ಲಿ ನಾವು ಮೂವರು, ಜೊತೆಗೆ ಟ್ರಕ್ಕಿನ ಹಿಂಭಾಗಕ್ಕೆ ಹೇರುವ ಸಾಮಾನು ಎಲ್ಲ ಮುಗಿಯಬೇಕು. ಟ್ರೈಲರಿನೊಳಗೆ ಇನ್ನೇನನ್ನೂ ತುಂಬುವ ಹಾಗಿರಲಿಲ್ಲ, ಅದರ ಭಾರ ಆಗಲೇ ಮಿತಿ ಮುಟ್ಟಿತ್ತು. ನಾನು ಕಾಗದ ಪೆನ್ನು ಹಿಡಿದು ಕುಳಿತು ಮೊದಲು ಮೂವರ ತೂಕ ಬರೆಯಹೊರಟೆ.

ಮಗಳು ಅನನ್ಯಾ ಫೋನಿನಿಂದ ತಲೆಯೆತ್ತದೆ "ಒನ್ ಟೆನ್" ಎಂದಳು. ಹೆಂಡತಿಯ ತೂಕ ಕೇಳುವುದು ಹಾವಿನ ಹುತ್ತಕ್ಕೆ ಕೈ ಹಾಕಿದಂತೆ ಎಂದು ಗೊತ್ತಿದ್ದೂ ಕೇಳಿದೆ. ವಸುಧಾ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಮಿಲಿಗ್ರಾಂ ಲೆಕ್ಕದ ಹೆಂಗಸು. "ನೂರಾ ನಲವತ್ತು. ಬರ್ಕೊಳ್ಳಿ. ಇನ್ನೊಂದ್ಸಲ ಕೇಳ್ಬೇಡಿ" ಎಂದಳು. ನನ್ನದಕ್ಕೆ ನಾನು ಯಾರನ್ನೂ ಕೇಳಬೇಕಿರಲಿಲ್ಲ. ನೋವೈಗೆ ಬರುವ ಮೊದಲು ಡೌನರ್ಸ್ ಗ್ರೋವ್‌ನಲ್ಲೇ ಇದ್ದಾಗ ಮಾಡಿಸಿದ ಹಳೆಯ ಇಲಿನಾಯ್ ಲೈಸೆನ್ಸಿನ ಮೇಲೆ ಮುದ್ರಿಸಿಯೇ ಇತ್ತು: ನೂರಾ ಐವತ್ತೆಂಟು. ಸರ್ಕಾರಿ ದಾಖಲೆಯನ್ನು ಅನುಮಾನಿಸುವ ಕೆಟ್ಟ ಬುದ್ಧಿ ನನಗಿಲ್ಲ.

ಇನ್ನು ಸಾಮಾನು. ಬಚ್ಚಲುಮನೆಯ ತೂಕದ ಯಂತ್ರವನ್ನು ಅಡುಗೆಮನೆಗೆ ತಂದೆ. ಅದರ ಮೇಲೆ ಗ್ರೈಂಡರ್ ಇಟ್ಟರೆ ಅಂಕಿಯೇ ಮುಚ್ಚಿಹೋಗುತ್ತಿತ್ತು. ಆದ್ದರಿಂದ ಒಂದೊಂದು ವಸ್ತುವನ್ನೂ ತಬ್ಬಿಕೊಂಡು ನಾನೇ ಯಂತ್ರದ ಮೇಲೆ ನಿಂತೆ. ಅನನ್ಯಾ ಅಂಕಿ ಓದುವುದು, ನಾನು ಅದರಿಂದ ನೂರಾ ಐವತ್ತೆಂಟು ಕಳೆದು ಬರೆಯುವುದು. ಹೀಗೆ ಹದಿನಾಲ್ಕು ವಸ್ತು. ಪಟ್ಟಿ ಬೆಳೆಯುತ್ತಿದ್ದಂತೆ ನನ್ನ ಮುಖ ಸಣ್ಣದಾಗುತ್ತಾ ಬಂತು. ಗ್ರೈಂಡರ್ ಅರವತ್ತನಾಲ್ಕು ಪೌಂಡು. ದೊಡ್ಡ ಕುಕ್ಕರ್ ನಲವತ್ತೆರಡು. ಎಲ್ಲ ಕೂಡಿದಾಗ ಕೆಂಪು ಟ್ರಕ್ಕಿನ ಶಕ್ತಿಗಿಂತ ನಾನೂರಕ್ಕೂ ಹೆಚ್ಚು ಪೌಂಡು ಮೇಲೆ ಹೋಗಿತ್ತು. ನನ್ನ ಕೆಂಪು ಟ್ರಕ್ ಕಣ್ಣೆದುರೇ ಬೇರೆಯವರ ಮನೆ ಸೇರುತ್ತಿರುವಂತೆ ಸಂಕಟವಾಯಿತು. ವಸುಧಾಳ ಒಂದೊಂದು ವಸ್ತುವಿನ ಮುಂದೆಯೂ ಕೆಂಪು ಶಾಯಿಯಲ್ಲಿ 'ಅಗತ್ಯವೇ?' ಎಂದು ಬರೆದೆ. ಗ್ರೈಂಡರಿಗೆ ಎರಡು ಸಲ ಬರೆದೆ.

"ಗ್ರೈಂಡರ್ ಇಲ್ದೆ ನಾನು ಬರಲ್ಲ" ಎಂದಳು ವಸುಧಾ. "ಮಾತು ಕೊಟ್ಟೋರು ನೀವು."

"ಮಾತು ಕೊಟ್ಟಾಗ ನಿನ್ನ ಪಾತ್ರೆಗಳು ಇಷ್ಟು ಭಾರ ಅಂತ ಯಾರಿಗೆ ಗೊತ್ತಿತ್ತು? ಇನ್ನು ಬಿಳೀ ಟ್ರಕ್ಕೇ ಗತಿ. ಮಳೆ, ಹಿಮ, ಸಂಘದೋರ ಕಾಗದ, ಎಲ್ಲ ನಾನೇ ಅನುಭವಿಸ್ತೀನಿ ಬಿಡು."

ಅವಳು ಪಟ್ಟಿಯನ್ನು ಎತ್ತಿಕೊಂಡು, ಔಷಧದ ಚೀಟಿ ಓದುವ ಹಾಗೆ ಕಣ್ಣು ಕಿರಿದು ಮಾಡಿ ಓದಿದಳು. "ರೀ, ಸೋನಾಮಸೂರಿ ಚೀಲದ ಮೇಲೆ ಇಪ್ಪತ್ತು ಪೌಂಡು ಅಂತ ಇದೆ. ನೀವು ಐವತ್ತನಾಲ್ಕು ಬರ್ದಿದೀರಿ."

"ಅದು ನೆಟ್ ವೇಟ್. ಪ್ಯಾಕಿಂಗ್ ಬೇರೆ" ಎಂದೆ. ಹೇಳುವಾಗ ನನಗೆ ಅದು ಸರಿಯಾಗಿಯೇ ಕೇಳಿಸಿತ್ತು.

ವಸುಧಾ ಮಸಾಲೆಯ ಕಪಾಟು ತೆರೆದು ಇಂಗಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. "ಇದೊಂದು ಬಿಟ್ಟೋಗಿತ್ತು. ಇದನ್ನೂ ತೂಗಿ." ನಾನು ಗಂಭೀರವಾಗಿ ಯಂತ್ರ ಹತ್ತಿದೆ. ಅನನ್ಯಾ ಬಗ್ಗಿ ನೋಡಿ "ಒನ್ ನೈಂಟಿ ತ್ರೀ" ಎಂದಳು. ನಾನು ಕಳೆದೆ. ಮೂವತ್ತೈದು ಬಂತು. ಬರೆಯಲು ಪೆನ್ನು ಎತ್ತಿದವನು ಅಲ್ಲೇ ನಿಂತೆ.

"ಡ್ಯಾಡ್," ಎಂದಳು ಮಗಳು ಬಹಳ ಮೃದುವಾಗಿ, "ಇಟ್ಸ್ ನಾಟ್ ದ ಇಂಗು."

ಮುಂದಿನ ಲೆಕ್ಕವನ್ನು ವಸುಧಾಳೇ ಮಾಡಿದಳು. ಎರಡು ದಶಕದಲ್ಲಿ ನಾನು ಸದ್ದಿಲ್ಲದೆ ಕೂಡಿಸಿಕೊಂಡಿದ್ದ ಮೂವತ್ತನಾಲ್ಕು ಪೌಂಡನ್ನು ಗ್ರೈಂಡರಿನ ಮೇಲೆ ಒಮ್ಮೆ, ಕುಕ್ಕರಿನ ಮೇಲೆ ಒಮ್ಮೆ, ಹೀಗೆ ಹದಿನಾಲ್ಕು ಸಲ ಅವಳ ಅಡುಗೆಮನೆಯ ತಲೆಗೆ ಕಟ್ಟಿದ್ದೆ. ಅವೆಲ್ಲವನ್ನೂ ಅವಳು ಪಟ್ಟಿಯಿಂದ ಹೊಡೆದುಹಾಕಿ, ಒಂದೇ ಒಂದು ಸಲ ನನ್ನ ಹೆಸರಿನ ಮುಂದೆ ಸೇರಿಸಿದಳು. ಅಕ್ಕಿ, ಗ್ರೈಂಡರ್, ನಾವು ಮೂವರು, ಎಲ್ಲ ಸೇರಿ ಏಳುನೂರ ನಲವತ್ತೆರಡು. ಇನ್ನೂ ಎಂಟು ಪೌಂಡು ಮಿಕ್ಕಿತು. ಇಂಗಿನ ಡಬ್ಬಿಗೆ ಅಷ್ಟೂ ಬೇಕಿರಲಿಲ್ಲ.

ಕೆಂಪು ಟ್ರಕ್ ಮನೆಗೆ ಬಂತು. ಬಾಲಾಜಿ ದೇವಸ್ಥಾನದಲ್ಲಿ ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದಾಗ ನನ್ನಷ್ಟು ಸುಖಿ ಇಡೀ ಮಿಷಿಗನ್ನಿನಲ್ಲಿ ಇನ್ನೊಬ್ಬನಿರಲಿಲ್ಲ. ನಾಳಿದ್ದು ಶನಿವಾರ ಡೌನರ್ಸ್ ಗ್ರೋವ್‌ಗೆ ಹೊರಡುತ್ತೇವೆ. ತಿದ್ದಿದ ಪಟ್ಟಿ ಫ್ರಿಜ್ಜಿನ ಬಾಗಿಲಿನ ಮೇಲಿದೆ. ಅದರಲ್ಲಿ ಗ್ರೈಂಡರಿನ ಮುಂದಿದ್ದ ಎರಡೂ ಸೇರಿ ಎಲ್ಲ 'ಅಗತ್ಯವೇ?'ಗಳೂ ಅಳಿಸಿಹೋಗಿವೆ. ಈಗ ಆ ಪ್ರಶ್ನೆ ಒಂದೇ ಕಡೆ ಉಳಿದಿದೆ, ನನ್ನ ಹೆಸರಿನ ಪಕ್ಕದಲ್ಲಿ, ನನ್ನದೇ ಕೆಂಪು ಪೆನ್ನಿನಲ್ಲಿ, ವಸುಧಾಳ ಅಕ್ಷರದಲ್ಲಿ: '192 ಪೌಂಡು. ಅಗತ್ಯವೇ?' ಬಹಳ ಯೋಚಿಸಿ ಅದರ ಕೆಳಗೆ 'ಗ್ರೈಂಡರನ್ನು ಎತ್ತಿ ಟ್ರಕ್ಕಿನಲ್ಲಿಡಲು' ಎಂದು ಬರೆದು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಅದರ ಮುಂದೆ ಒಂದು ಟಿಕ್ ಬಿದ್ದಿತ್ತು.