ಬಂಗಡೆ ಕಾಯುವವನ ಪಶ್ಚಾತ್ತಾಪ

ತಪ್ಪು ಮಾಡುವುದು ಎಲ್ಲರಿಗೂ ಬರುತ್ತದೆ. ಮಾಡಿದ ಮೇಲೆ ಮುಖ ಎಲ್ಲಿಡಬೇಕು ಎಂಬುದು ಸಿನಿಮಾದವರಿಗೆ ಮಾತ್ರ ಗೊತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಾಪ, ಪ್ರಾಯಶ್ಚಿತ್ತ ಅಂತೆಲ್ಲ ಕಲಿತದ್ದು ಸಿನಿಮಾದಿಂದಲೇ. ಅಲ್ಲಿ ತಪ್ಪಿತಸ್ಥ ಊಟಕ್ಕೆ ಕೂತರೆ ತುತ್ತು ಬಾಯಿವರೆಗೆ ಹೋಗಿ ನಿಲ್ಲುತ್ತದೆ. ನಾನಾದರೋ ಎಂಥ ತಪ್ಪು ಮಾಡಿದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವವನು.

ಮುರ್ಡೇಶ್ವರದ ಹತ್ತಿರ ಕಡಲದಂಡೆಯಲ್ಲಿ ನನ್ನ ಅಕ್ಕ ಬಂಗಡೆ ಮೀನು ಒಣಗಿಸುತ್ತಾಳೆ. ಮಳೆಗಾಲದಲ್ಲಿ ದೋಣಿ ನಿಂತಾಗ ಆ ಒಣಮೀನು ಮಾರಿಯೇ ನಮ್ಮ ಮನೆ ನಡೆಯಬೇಕು. ಮೊನ್ನೆ ಅವಳು ಉಪ್ಪು ತರಲು ಭಟ್ಕಳಕ್ಕೆ ಹೊರಟಾಗ, "ಮೋಡ ಕಂಡ್ರೆ ತಾಡಪಾಲು ಹಾಕು, ಆತಾ?" ಎಂದಳು. "ಆತು" ಎಂದೆ. ದೋಣಿಯ ನೆರಳಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲಿನಲ್ಲಿ ಸಿನಿಮಾ ಹಚ್ಚಿದೆ. ಅದರಲ್ಲಿ ಅಣ್ಣನ ದೋಣಿ ಮುಳುಗಿಸಿ ಓಡಿಹೋದ ತಮ್ಮ ಎಷ್ಟೋ ವರ್ಷದ ಮೇಲೆ ಮರಳಿ ಬರುತ್ತಾನೆ. ಒಳಗೆ ಹೋಗುವುದಿಲ್ಲ. ಅಂಗಳದಲ್ಲೇ ಕೂತು ಅಣ್ಣನ ಹರಿದ ಬಲೆ ಹೊಲಿಯುತ್ತಾನೆ. ಬಾಗಿಲ ಸಂದಿಯಲ್ಲಿ ಅಣ್ಣನ ನೆರಳು ಮಾತ್ರ ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಇದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು. ಅಷ್ಟರಲ್ಲಿ ಗುಡುಗು ಕೇಳಿತು. ಸಿನಿಮಾದಲ್ಲೂ ಮಳೆ ಹೊಯ್ಯುತ್ತಿತ್ತು, ಅದರದ್ದೇ ಎಂದುಕೊಂಡೆ. ಕಾಲಿಗೆ ನೀರು ತಾಗಿ ತಲೆ ಎತ್ತಿದರೆ, ಅಕ್ಕನ ಬಂಗಡೆ ಮತ್ತೆ ಕಡಲಿಗೆ ಹೊರಟಂತೆ ತೇಲುತ್ತಿತ್ತು.

ಅಕ್ಕ ಬಂದು ನೋಡಿದಳು. ಬೈಯಲಿಲ್ಲ. ಸಿನಿಮಾದಲ್ಲಿ ಕಂಡ ಹಾಗೆ ಅವಳ ಕಾಲು ಹಿಡಿದೆ. ತಪ್ಪು ಕೊಂಚ ಹಗುರವಾಗಲಿ ಎಂದು, ಹಿಡಿದುಕೊಂಡೇ ಸಿನಿಮಾದ ಕಥೆಯನ್ನೂ ಹೇಳಿದೆ.

"ಕಾಲು ಬಿಡಾ. ನಿನ್ನ ಕಣ್ಣೀರು ಬೇರೆ ಬಿದ್ರೆ ಮೀನು ಇನ್ನೂ ಒಣಗೂದಿಲ್ಲ" ಎಂದಳು. ಆಮೇಲೆ ಮಾತೇ ಬಿಟ್ಟಳು.

ಆಗ ಆ ತಮ್ಮನ ದೊಡ್ಡತನ ತಿಳಿಯಿತು. ಅವನು ಅತ್ತಿರಲಿಲ್ಲ, ಕೆಲಸ ಮಾಡಿದ್ದ. ಮುಂದಿನ ಸಲ ದೋಣಿ ಕೆಲಸಕ್ಕೆ ಹೋದಾಗ ನನ್ನ ಪಾಲಿಗೆ ಬಂದ ಬಂಗಡೆಯನ್ನೆಲ್ಲ ತಂದು, ಸೀಳಿ, ಉಪ್ಪು ಹಚ್ಚಿ, ಮರಳ ಮೇಲೆ ಹರವಿದೆ. ಮೊಬೈಲನ್ನು ಅಕ್ಕನ ಕೈಗೆ ಕೊಟ್ಟು, ಕಾಗೆ, ನಾಯಿ ಓಡಿಸಲು ಕೋಲು ಹಿಡಿದು ಬಿಸಿಲಲ್ಲಿ ಕೂತೆ.

ಮಧ್ಯಾಹ್ನ ಅಕ್ಕ ಗಂಜಿ ತಂದು ಪಕ್ಕದಲ್ಲಿ ಕೂತಳು. ಗಂಜಿ ಬಡಿಸುತ್ತ ಕೇಳಿದಳು, "ಆ ಅಣ್ಣ ಕಡೆಗೆ ಬಾಗಿಲು ತೆಗೆದ್ನಾ?"

"ಗೊತ್ತಿಲ್ಲ ಅಕ್ಕ. ಅಷ್ಟರಲ್ಲಿ ಮಳೆ ಬಂತಲ್ಲ."

ಸೊಂಟದಿಂದ ಮೊಬೈಲ್ ತೆಗೆದು ಕೊಟ್ಟಳು. "ಹಂಗಾರೆ ಹಚ್ಚು."

ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಒಂದು ನನಗೆ. ಅಣ್ಣ ಎದ್ದು ಬಂದು ಚಿಲಕಕ್ಕೆ ಕೈ ಹಾಕಿದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದೇ ಹೊತ್ತಿಗೆ, ಅವಳ ಬೆನ್ನ ಹಿಂದೆ, ನಾಯಿಯೊಂದು ಬಂಗಡೆ ಕಚ್ಚಿಕೊಂಡು ಸಾವಕಾಶ ನಡೆದು ಹೋಗುವುದು ನನಗೆ ಕಂಡಿತು. ಏಳಬೇಕಿತ್ತು. ಆದರೆ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ.