ಹೆರಿಗೆ ಕೋಣೆಯಲ್ಲಿ ದೊಡ್ಡವರ ನಿದ್ದೆ

ನನಗೆ ಸಿಟ್ಟು ಬರುವುದು ಅಪರೂಪವೆಂದು ಊರಲ್ಲಿ ಹೆಸರಿದೆ. ಶುದ್ಧ ಸುಳ್ಳು. ಸಿಟ್ಟು ಬೇಕಾದಷ್ಟು ಬರುತ್ತದೆ. ಆದರೆ ಬರಬೇಕಾದ ಹೊತ್ತಿಗೆ ಬಾರದೆ, ಅದಕ್ಕೆ ಕಾರಣರಾದವರು ಊರು ದಾಟಿ ಹೋದ ಮೇಲೆ ಬರುತ್ತದೆ. ಆಮೇಲೆ ಮನೆಯಲ್ಲಿ ಸಿಕ್ಕವರ ಮೇಲೆ ಹಾರಾಡುತ್ತೇನೆ. ಗೌಡಗೆರೆಯ ಆಚೆಗಿನ ನಮ್ಮ ಊರಿಗೆ ಬೆಂಗಳೂರಿನ ಧರ್ಮಸಂಸ್ಥೆಯೊಂದರ ದೊಡ್ಡವರೊಬ್ಬರು ಬಂದು ಹೋದಾಗ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಆಗ ನಾನು ಊರಿನ ಶಾಲೆಯ ಮೇಷ್ಟ್ರು. ಜೊತೆಗೆ, ಬೇಡವೆಂದರೂ ಬಿಡದೆ ಕೂರಿಸಿದ್ದರಿಂದ, ಗ್ರಾಮಸೇವಾ ಸಂಘದ ಕಾರ್ಯದರ್ಶಿ. ಸಂಘಕ್ಕಿದ್ದ ಆಸ್ತಿಯೆಂದರೆ ಮಣ್ಣಿನ ಮಾಳಿಗೆಯ ಒಂದು ಕೋಣೆ. ಹೆರಿಗೆ ಮಾಡಿಸುವುದನ್ನು ಕಲಿತ ಜುಬೇದಾಬಿ ಎಂಬಾಕೆಯನ್ನು ಸಿರಾದಿಂದ ಕಾಡಿ ಬೇಡಿ ಕರೆತಂದು ಅದರಲ್ಲಿ ಇರಿಸಿದ್ದೆವು. ಆಕೆಯ ವಾಸವೂ ಅಲ್ಲೇ, ಹೆರಿಗೆಗಳೂ ಅಲ್ಲೇ. ಮಳೆ ಬಂದರೆ ಮಾಳಿಗೆ ಸೋರಿ ಬಾಣಂತಿಯ ಮೈಮೇಲೆ ಕೆಸರು. "ಒಂದು ಒಳ್ಳೆ ಸೂರು ಕೊಡ್ರಿ, ಇಲ್ಲಾಂದ್ರೆ ನಾನು ಸಿರಾಕ್ಕೆ ಹೊಂಟೋಗ್ತೀನಿ," ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದಳು. ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಜುಬೇದಾಬಿ ಹೋದರೆ ಸಿರಾದ ಆಸ್ಪತ್ರೆಗೆ ಎತ್ತಿನ ಗಾಡಿಯೇ ಗತಿ; ಹಿಂದಿನ ವರ್ಷ ಗಾಡಿಯಲ್ಲೇ ಒಬ್ಬಳು ತೀರಿಕೊಂಡಿದ್ದಳು. ಹೀಗಾಗಿ ಹೊಸ ಕೋಣೆ ಕಟ್ಟಿಸಿಕೊಡಿ ಎಂದು ಬೆಂಗಳೂರಿನ ಆ ಸಂಸ್ಥೆಗೆ ಮೊರೆಯಿಟ್ಟೆವು. ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ ಎಂದರು.

ಬರುವವರು ದೊಡ್ಡವರು. ಊರು ಎದ್ದು ಕುಣಿಯಿತು. ನನ್ನ ಹೆಂಡತಿ ಮನೆಮನೆಯಿಂದ ತುಪ್ಪ ತಂದು ಒಬ್ಬಟ್ಟಿಗೆ ಕೂತಳು. ಪಟೇಲ ರಂಗಪ್ಪನಿಗೆ ಹೊಳೆದದ್ದು ಇನ್ನೂ ಭರ್ಜರಿ: "ಉಂಡ್ಮ್ಯಾಲೆ ಅವ್ರು ಒಂದ್ಗಳಿಗೆ ಅಡ್ಡಾಗಬ್ಯಾಡ್ವಾ ಮೇಷ್ಟ್ರೇ? ಸಂಘದ ಕೋಣೆನೇ ಸರಿ ಮಾಡ್ಬುಡಾನ." ಜುಬೇದಾಬಿಯ ಸಾಮಾನು ಹಿತ್ತಿಲಿಗೆ ಹೋಯಿತು. ಗೋಡೆಗೆ ಸುಣ್ಣ ಬಿತ್ತು. ಸೋರಿದ ಕಲೆ ಕಾಣಬಾರದೆಂದು, ಮದುವೆ ಮನೆಗೆ ಕಟ್ಟುವ ಬಿಳಿ ಮೇಲ್ಕಟ್ಟಿನ ಬಟ್ಟೆಯನ್ನು ಮಡಿವಾಳರ ಹನುಮ ಮಾಳಿಗೆಯ ಅಡಿಗೆ ಬಿಗಿದ. ಪಟೇಲನ ಮಂಚ ಬಂತು. ಯಾವ ಕೋಣೆ ಕೆಟ್ಟಿದೆಯೆಂದು ತೋರಿಸಲು ಅವರನ್ನು ಕರೆಸಿದ್ದೆವೋ ಅದನ್ನೇ ಅರಮನೆ ಮಾಡಿದೆವು. ಬಂದವರ ಮುಂದೆ ಇಲ್ಲ ಅನ್ನುವುದು ನಮ್ಮ ಕಡೆಯವರ ನಾಲಗೆಗೇ ಬರುವುದಿಲ್ಲ, ಏನು ದರಿದ್ರ ಮರ್ಯಾದೆಯೋ.

ದೊಡ್ಡವರು ಉಂಡರು, ಮಲಗಿದರು, ಹೊತ್ತಿಳಿಯುವವರೆಗೆ ಗೊರಕೆ ಹೊಡೆದರು. ಎದ್ದು, "ತಂಪಾದ ಕೋಣೆ. ಹೆರಿಗೆಗೆ ಇದಕ್ಕಿಂತ ಬೇಕೆ? ಪಾವಗಡದ ಕಡೆ ಇಷ್ಟೂ ಇಲ್ಲ," ಎಂದರು. ಅಷ್ಟು ಹೊತ್ತು ಅಂಗಾತ ಮಲಗಿದ ಮನುಷ್ಯ ಆ ಬಟ್ಟೆಯ ಮೇಲೇನಿದೆ ಎಂದು ಕೇಳಲಿಲ್ಲ. ಹೊರಗೆ ಬೇವಿನ ಮರದಡಿ ಕೂತಿದ್ದ ಜುಬೇದಾಬಿಯನ್ನು ಒಂದು ಮಾತು ಮಾತನಾಡಿಸಲಿಲ್ಲ. ಕೊಡುವವರಿಗೆ ಕಣ್ಣು ಕಿವಿ ಬೇಡವೇ? ಸೇವೆ ಮಾಡುವವಳನ್ನು ಬಿಟ್ಟು, ಸೇವೆ ಮಾಡಿಸಿಕೊಂಡು ಹೋಗಲು ಬೆಂಗಳೂರಿನಿಂದ ಬರಬೇಕೆ? ನೆರವೆಂದು ತಮ್ಮ ಸಂಸ್ಥಾಪಕರ ಭಾವಚಿತ್ರವನ್ನು ಆ ಗೋಡೆಗೆ ಕಳಿಸಿಕೊಡುವುದಾಗಿ ಮಾತು ಕೊಟ್ಟರು. ಚಿತ್ರ ಕಟ್ಟು ಹಾಕಿಸಿಕೊಂಡು ಬಂತು. ಅದರ ಹಿಂದೆಯೇ ಮಳೆಯೂ ಬಂತು.

ಮಳೆಯ ಮಾರನೆಯ ಬೆಳಿಗ್ಗೆ ಜುಬೇದಾಬಿ ಗಂಟು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮಗಳು ಒಳಗಿನಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಸೋರ್ತದೆ ಅಂತ ನೀವಾದ್ರೂ ಹೇಳ್ಬೋದಿತ್ತಲ್ಲ ಮೇಷ್ಟ್ರೇ?"

"ಊರಿಗೆ ಬಂದೋರ ಹತ್ರ ಹೆಂಗಮ್ಮ ಹೇಳೋದು?"

"ನಾನೂ ಸಿರಾದಿಂದ ಬಂದವಳೇ," ಎಂದಳು ಆಕೆ. "ನನಗ್ಯಾರೂ ಮೇಲ್ಕಟ್ಟು ಕಟ್ಟಲಿಲ್ಲ."

ನನ್ನ ಮೈಯೆಲ್ಲ ಉರಿಯಿತು, ಆಕೆಯ ಮೇಲಲ್ಲ. ಗಂಟನ್ನು ಕಿತ್ತುಕೊಂಡು ನಮ್ಮ ಮನೆಯ ಮುಂದಿನ ಕೋಣೆಯಲ್ಲಿಟ್ಟೆ. ಹೆಂಡತಿ ಕೋಣೆ ಗುಡಿಸಿದಳು. ನಾನು ಹಾಸಿಗೆ ಸುತ್ತಿಕೊಂಡು ಸಂಘದ ಕೋಣೆಗೆ ನಡೆದೆ. ಮೊಮ್ಮಗ ನಮ್ಮ ಮುಂದಿನ ಕೋಣೆಯಲ್ಲೇ ಹುಟ್ಟಿದ. ಆಮೇಲೆ ಊರಿನ ಮಕ್ಕಳೆಲ್ಲ ಅಲ್ಲೇ ಹುಟ್ಟತೊಡಗಿದರು. ನಾನು ಇತ್ತ ಸಂಸ್ಥಾಪಕರ ಅಡಿಯಲ್ಲಿ, ತೊಟ್ಟಿಕ್ಕುವ ಕಡೆಯೆಲ್ಲ ಪಾತ್ರೆಯಿಟ್ಟುಕೊಂಡು, ಆ ದೊಡ್ಡವರಿಗೆ ಹೇಳಬೇಕಾದ ಮಾತುಗಳನ್ನು ಮಳೆಗಾಲವಿಡೀ ಬಾಯಿಪಾಠ ಮಾಡಿದೆ.

ಮುಂದಿನ ವರ್ಷ ಅವರೇ ಬಂದರು, ಚಿತ್ರವನ್ನು ನೆಟ್ಟಗೆ ತೂಗುಹಾಕಿದ್ದಾರೆಯೇ ಎಂದು ನೋಡಲು. ನನ್ನ ಹಾಸಿಗೆಯನ್ನು ಕಂಡು, "ಓಹೋ, ನೀವೇ ಇಲ್ಲಿ ಮಲಗುತ್ತೀರಾ? ಅನುಕೂಲವಾಗಿದೆಯೇ?" ಎಂದು ಕೇಳಿದರು.

ನಾನು ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, "ಬಹಳ ಅನುಕೂಲವಾಗಿದೆ ಸ್ವಾಮಿ, ಊಟಕ್ಕೆ ಏಳಿ," ಎಂದೆ.