ಸೊಳ್ಳೆ ಬ್ಯಾಟಿನಲ್ಲಿ ಬೆಳೆದ ಹುಲ್ಲು

ನನ್ನ ಕಸುಬಿನಲ್ಲಿ ದಿನಕ್ಕೊಂದು ಎಡವಟ್ಟು ಆಗದಿದ್ದರೆ ಇವತ್ತು ಅಂಗಡಿ ಬಾಗಿಲು ತೆಗೆದಿದ್ದೇನೋ ಇಲ್ಲವೋ ಅಂತ ನನಗೇ ಅನುಮಾನ ಬರುತ್ತದೆ. ಶಿವಮೊಗ್ಗದ ಆಲ್ಕೊಳದಲ್ಲಿ ನನ್ನದೊಂದು ಪುಟ್ಟ ಮಾಡೆಲ್ ಅಂಗಡಿ. ಇಂಜಿನಿಯರಿಂಗ್ ಓದುವವರಿಗೆ ಅಣೆಕಟ್ಟು, ಸೈಟು ಮಾರುವವರಿಗೆ ಲೇಔಟು, ಶಾಲೆಯ ವಸ್ತುಪ್ರದರ್ಶನಕ್ಕೆ ಜ್ವಾಲಾಮುಖಿ, ಎಲ್ಲವನ್ನೂ ಪ್ಲೈವುಡ್ ಹಲಗೆಯ ಮೇಲೆ ಕೂರಿಸಿ ಕೊಡುತ್ತಿದ್ದೆ. ಬೆಟ್ಟ ಎಬ್ಬಿಸಿದ್ದೇನೆ, ಹೊಳೆ ಹರಿಸಿದ್ದೇನೆ. ನನ್ನ ಸೊಕ್ಕು ಇಳಿಸಿದ್ದು ಹುಲ್ಲು. ಸೊಳ್ಳೆ ಹೊಡೆಯುವ ಕರೆಂಟ್ ಬ್ಯಾಟು ನಮ್ಮೂರಿಗೆ ಹೊಸದಾಗಿ ಬಂದಿದ್ದ ಕಾಲದ ಮಾತು ಇದು.

ಗೋರಂಟಿ

ಭದ್ರಾವತಿಯ ಒಂದು ಕಾರ್ಖಾನೆ ಕಾಲೊನಿಯ ಕ್ಲಬ್ಬಿನಿಂದ ಕೆಲಸ ಬಂತು. ಕಾರ್ಖಾನೆಯೊಳಗೆ ಹಿಂದೆ ಓಡುತ್ತಿದ್ದ ಸಣ್ಣ ರೈಲು, ಅದರ ಹಳಿ, ಸುತ್ತಲಿನ ಬಯಲು, ಇಷ್ಟನ್ನೂ ಒಂದು ಮೇಜಿನ ಮೇಲೆ ಮಾಡಿಕೊಡಬೇಕಿತ್ತು. ಇದಕ್ಕಾಗಿ ಓಡಾಡುತ್ತಿದ್ದವರು ಆ ರೈಲನ್ನೇ ಓಡಿಸಿ ನಿವೃತ್ತರಾದ ಡ್ರೈವರ್. ಮನೆಮಾತು ತಮಿಳು, ನನ್ನನ್ನು ತಂಬಿ ಅಂತಲೇ ಕರೆಯುತ್ತಿದ್ದರು.

ಅರ್ಧ ಕೆಲಸ ಮುಗಿಸಿ ಕರೆಸಿದೆ. ಇಂಜಿನ್ ನೋಡಿ ಡ್ರೈವರ್ ಕಣ್ಣು ತುಂಬಿಕೊಂಡರು. ಹುಲ್ಲು ನೋಡಿ ಮುಖ ಗಂಟು ಹಾಕಿದರು. ಸಾಮಿಲ್ಲಿನ ಮರದ ಪುಡಿಗೆ ಹಸಿರು ಬಣ್ಣ ಕಲಸಿ ಉದುರಿಸಿದ್ದೆ. ನಮ್ಮ ಕಸುಬಿನವರೆಲ್ಲ ಮಾಡುತ್ತಿದ್ದುದೂ ಅದನ್ನೇ.

"ಹುಲ್ಲು ನಿಂತಿರ್ತದೆ ತಂಬಿ. ನಾನು ದಿನಾ ನೋಡ್ತಿದ್ದೆ. ಇಂಜಿನ್ ಬಂದ್ರೆ ಬಾಗ್ತಿತ್ತು, ಹೋದ ಮೇಲೆ ಎದ್ದು ನಿಲ್ತಿತ್ತು. ಇದು ಮಲಗಿಬಿಟ್ಟಿದೆ" ಅಂದರು.

ಜೊತೆಗೆ ಬಂದಿದ್ದ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ರೈಲೇ ಬೇಕಿರಲಿಲ್ಲ. ಆ ಜಾಗದಲ್ಲಿ ದೊಡ್ಡದೊಂದು ಮೀನಿನ ತೊಟ್ಟಿ ಇಡಬೇಕು ಅಂತ ಅವರ ಹಟ.

"ಇದು ಹುಲ್ಲಲ್ಲ ಕಣ್ರೀ, ಯಾರೋ ಗೋರಂಟಿ ಅರೆದು ಒಣಗೋಕೆ ಹಾಕಿದಾರೆ" ಅಂದರು. "ಮುಂದಿನ ತಿಂಗಳು ಉದ್ಘಾಟನೆ. ಅಷ್ಟರಲ್ಲಿ ಹುಲ್ಲು ಎದ್ದು ನಿಂತ್ರೆ ರೈಲು ಇಡ್ತೀವಿ. ಇಲ್ದಿದ್ರೆ ಮೀನು."

ಡ್ರೈವರ್ ನನ್ನ ಮುಖ ನೋಡಿದರು. ಅವರ ಮುಖ ನೋಡಿ "ನಿಲ್ಲಿಸ್ತೀನಿ ಸಾರ್" ಅಂದುಬಿಟ್ಟೆ. ಹೇಗೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನಾನೂ ಅವರನ್ನು ಅದನ್ನೇ ಕೇಳುವವನಿದ್ದೆ.

ಸಣ್ಣ ದನ

ಇಂಟರ್ನೆಟ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಗುಟ್ಟು ಸಿಕ್ಕಿತು. ವಿದೇಶದಲ್ಲಿ ಇದಕ್ಕೊಂದು ಯಂತ್ರವೇ ಇದೆ. ಹಸಿ ಗೋಂದು ಬಳಿದ ನೆಲಕ್ಕೆ ಒಂದು ತಂತಿ, ಮೇಲೆ ಹಿಡಿದ ಕಬ್ಬಿಣದ ಜರಡಿಗೆ ಇನ್ನೊಂದು ತಂತಿ. ಜರಡಿಯಲ್ಲಿ ಸಣ್ಣ ನೈಲಾನ್ ಎಳೆ ಹಾಕಿ ಅಲ್ಲಾಡಿಸಿದರೆ ಎಳೆಗಳೆಲ್ಲ ಕರೆಂಟಿನ ಸೆಳೆತಕ್ಕೆ ನೆಟ್ಟಗೆ ಹಾರಿ ಗೋಂದಿನಲ್ಲಿ ನೆಡುತ್ತವೆ. ಬೇಕಾದಷ್ಟು ಕರೆಂಟು ಸೊಳ್ಳೆ ಬ್ಯಾಟಿನಲ್ಲೇ ಇದೆಯಂತೆ. ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೀದಾ ಗಾಂಧಿ ಬಜಾರಿಗೆ ಓಡಿದೆ.

ಹಗ್ಗದಂಗಡಿಯಲ್ಲಿ ದನ ಕಟ್ಟುವ ಹಸಿರು ನೈಲಾನ್ ಹಗ್ಗ ನೇತುಹಾಕಿದ್ದರು. ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಥೇಟ್ ಗರಿಕೆ.

"ಎಷ್ಟುದ್ದ ಕೊಡ್ಲಿ ಸ್ವಾಮಿ?" ಅಂದರು ಅಂಗಡಿಯವರು.

ಖುಷಿಯಲ್ಲಿ ಬಾಯಿ ಹಿಡಿತದಲ್ಲಿರಲಿಲ್ಲ. "ಎಷ್ಟಾದ್ರೂ ಕೊಡಿ, ನನಗೆ ಬೇಕಾಗಿರೋದು ಒಂದೊಂದು ತುಂಡೂ ಅಕ್ಕಿಕಾಳಿಗಿಂತ ಗಿಡ್ಡ" ಅಂದೆ.

ಅವರು ಹಗ್ಗ ಅಳೆಯುವುದನ್ನು ನಿಲ್ಲಿಸಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಂಥ ದನ ಹಾಲು ಎಷ್ಟು ಕೊಡುತ್ತೆ ಸ್ವಾಮಿ?"

ಪುದೀನ ಚಹಾ

ಜರಡಿಗೆ ಹೊಸದೇನೂ ಕೊಳ್ಳಬೇಕಿರಲಿಲ್ಲ. ಮನೆಯಲ್ಲಿ ಚಹಾ ಸೋಸುವ ಸ್ಟೀಲ್ ಜರಡಿ ಇತ್ತು, ಹೆಂಡತಿ ಹಿತ್ತಲಲ್ಲಿದ್ದಳು. ಕತ್ತರಿಸಿದ ಎಳೆ ಅದರೊಳಗೆ ಸರಾಗವಾಗಿ ಉದುರುತ್ತದೋ ಇಲ್ಲವೋ ಅಂತ ಒಂದು ಸಲ ಪರೀಕ್ಷೆ ಮಾಡಿ, ಕೊಡವಿ, ಇದ್ದಲ್ಲೇ ಇಟ್ಟುಬಿಟ್ಟೆ. ಸಂಜೆ ಅಂಗಡಿಗೆ ಒಯ್ಯುವ ಲೆಕ್ಕಾಚಾರ.

ಅಷ್ಟರಲ್ಲಿ ಹೆಂಡತಿಯ ಅಣ್ಣ ಬಂದರು. ಅವಳು ಚಹಾ ಮಾಡಿ ತಂದಳು. ಭಾವನ ಲೋಟದಲ್ಲಿ ನನ್ನ ಹುಲ್ಲು ತೇಲುತ್ತಿದ್ದುದು ನನಗೆ ಇಷ್ಟು ದೂರದಿಂದ ಕಾಣುತ್ತಿತ್ತು. ಹೇಳಿದರೆ ಹೆಂಡತಿ ಬಿಡುವುದಿಲ್ಲ, ಹೇಳದಿದ್ದರೆ ಭಾವ ಕುಡಿದುಬಿಡುತ್ತಾರೆ.

"ಭಾವ, ಅದು ತಣ್ಣಗಾಗಿದೆ, ಕೊಡಿ ಇಲ್ಲಿ, ಬೇರೆ ಮಾಡಿಸ್ತೀನಿ" ಅಂತ ಕೈ ಚಾಚಿದೆ.

"ಇರ್ಲಿ ಬಿಡಿ ಮಾರಾಯ್ರೆ, ಹೊಗೆ ಆಡ್ತಾ ಇದೆ" ಅಂತ ಒಂದು ಗುಟುಕು ಎಳೆದೇಬಿಟ್ಟರು. ಆಮೇಲೆ ತಂಗಿಯ ಕಡೆ ತಿರುಗಿ, "ಪುದೀನ ಹಾಕಿದೀಯಾ? ಎಷ್ಟು ವರ್ಷ ಆಯ್ತು ನಿನ್ನ ಕೈಯಲ್ಲಿ ಇಂಥ ಚಹಾ ಕುಡ್ದು" ಅಂದರು.

ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು. ಅಣ್ಣ ಗೇಟು ದಾಟುವವರೆಗೆ ನಗುನಗುತ್ತಲೇ ಇದ್ದಳು. ಆಮೇಲೆ ಜರಡಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನೂ ತಗೊಂಡು ಹೋಗಿ, ನೀವೂ ಹೋಗಿ" ಅಂದಳು.

ಅಡಿಕೆ ಹೋಳು

ಬ್ಯಾಟು ಬಿಚ್ಚುವ ಕೆಲಸಕ್ಕೆ ಗೆಳೆಯ ಸಿಕ್ಕ. ಬಜಾರಿನಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು, ಸಾಬರ ಪೈಕಿ. ನನ್ನಷ್ಟೇ ಆತುರ, ನನಗಿಂತ ಒಂದು ತೂಕ ಹೆಚ್ಚು ಧೈರ್ಯ.

"ಕ್ಯಾ ಬಡೀ ಬಾತ್ ಹೈ ಯಾರ್, ಚಹಾ ಕುಡ್ಯೋದ್ರೊಳಗೆ ಮಾಡಿ ಕೊಡ್ತೀನಿ" ಅಂದ. ಚಹಾ ಅಂದ ಕೂಡಲೇ ನಾನು ಜರಡಿಯನ್ನು ಬೆನ್ನ ಹಿಂದೆ ಸರಿಸಿದೆ.

ಬ್ಯಾಟಿನ ಬಲೆ ತೆಗೆದು ಆ ಜಾಗಕ್ಕೆ ಜರಡಿ ಕೂರಿಸಿದೆವು. ಇನ್ನೊಂದು ತಂತಿಗೆ ಕ್ಲಿಪ್ ಹಾಕಿ ಗೋಂದಿನಲ್ಲಿ ನೆಟ್ಟ ಮೊಳೆಗೆ ಸಿಕ್ಕಿಸಿದೆವು. ಉಳಿದದ್ದು ಒಂದೇ ತೊಡಕು, ಬ್ಯಾಟಿನ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಗೆಳೆಯ ತನ್ನ ಎಲೆಅಡಿಕೆ ಡಬ್ಬಿಯಿಂದ ಒಂದು ಅಡಿಕೆ ಹೋಳು ತೆಗೆದು ಗುಂಡಿಯ ಮೇಲಿಟ್ಟು ರಬ್ಬರ್ ಬ್ಯಾಂಡ್ ಸುತ್ತಿದ. ಅಳತೆ ಮಾಡಿ ಕೊಯ್ದಂತೆ ಕೂತಿತು. ಇಬ್ಬರೂ ಭೇಷ್ ಅಂದುಕೊಂಡೆವು. ಎಳೆ ತುಂಬುವಾಗ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮತ್ತೆ ರಬ್ಬರ್ ಬ್ಯಾಂಡ್ ಸುತ್ತಿ ಅಲ್ಲಾಡಿಸಿದೆವು. ಎಳೆ ಬಿದ್ದಲ್ಲೇ ಮಲಗಿತು.

"ಸೆಲ್ ಹೋಗಿದೆ" ಅಂದ ಅವನು. ಹೊಸ ಸೆಲ್ ತಂದೆ. ಮಲಗಿಯೇ ಇತ್ತು. "ಬೆಸುಗೆ ಬಿಟ್ಟಿದೆ" ಅಂದ. ಎಲ್ಲ ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದ. "ನಿನ್ನ ಗೋಂದೇ ಸರಿ ಇಲ್ಲ" ಅಂದ. "ನಿನ್ನ ಬ್ಯಾಟೇ ಸರಿ ಇಲ್ಲ" ಅಂದೆ. "ಮಳೆಗಾಲದ ತಂಡಿ" ಅಂತ ಇಬ್ಬರೂ ರಾಜಿಯಾಗಿ ನನ್ನ ಹೆಂಡತಿಯ ಹೇರ್ ಡ್ರೈಯರ್ ತರಿಸಿ ಹಲಗೆಗೆ ಬಿಸಿಗಾಳಿ ಹಿಡಿದೆವು. ಗೋಂದು ಒಣಗಿತು ಅಷ್ಟೇ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು.

ಕೊನೆಗೆ ಅವನು ಎಲೆಅಡಿಕೆ ಜಗಿಯುತ್ತಾ ಬ್ಯಾಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲ ಸರಿ ಇದೆ ಮಾರಾಯ. ಆ ಗುಂಡಿ ಮೇಲೆ ಇಟ್ಟಿದ್ದ ಅಡಿಕೆ ಎಲ್ಲಿ?"

ಕೇಳಿದವನು ಜಗಿಯುವುದನ್ನು ನಿಲ್ಲಿಸಿದ.

ಆಮೇಲೆ ಗಂಭೀರವಾಗಿ ಅಂದ, "ಅದಕ್ಕೇ ಇವತ್ತು ಸ್ವಲ್ಪ ರಬ್ಬರ್ ರುಚಿ ಬಂತು."

ಹುಚ್ಚು

ಹೊಸದಾಗಿ ಗೋಂದು ಬಳಿದು ಹೊಸ ಅಡಿಕೆ ಇಟ್ಟೆವು. ಜರಡಿ ಅಲ್ಲಾಡಿಸಿದೆ. ಸಣ್ಣಗೆ ಚಿಟಚಿಟ ಸದ್ದು, ನನ್ನ ಕಣ್ಣೆದುರಿಗೇ ಹುಲ್ಲು ಎದ್ದು ನಿಂತಿತು. ಒಂದೊಂದು ಎಳೆಯೂ ನೆಟ್ಟಗೆ. ಆ ಸಂತೋಷವನ್ನು ಈಗಲೂ ಹೇಳಲು ಬರುವುದಿಲ್ಲ, ಮದುವೆಯ ದಿನವೂ ನಾನು ಅಷ್ಟು ಕುಣಿದಿರಲಿಲ್ಲ. ಇಬ್ಬರೂ ಬೀದಿಗೆ ಬಂದು ಹೋಗುವವರನ್ನೆಲ್ಲ ಕರೆದು ತೋರಿಸಿದೆವು. ಆ ವಾರವೆಲ್ಲ ಕೈಗೆ ಸಿಕ್ಕಿದ್ದಕ್ಕೆಲ್ಲ ಹುಲ್ಲು ಬೆಳೆಸಿದೆ. ಹಳೇ ಗಡಿಯಾರಕ್ಕೆ, ಬೆಂಕಿಪೊಟ್ಟಣಕ್ಕೆ, ನನ್ನ ಬಲಗಾಲಿನ ಚಪ್ಪಲಿಗೆ. ಹೆಂಡತಿ ಮಾತ್ರ ತಣ್ಣಗೆ, "ಎಡಗಾಲಿಗೂ ಬೆಳೆಸಿ. ಬೇಸಿಗೆಯಲ್ಲಿ ದನಗಳಿಗೆ ನಿಮ್ಮನ್ನೇ ಮೇಯೋಕೆ ಬಿಡಬಹುದು" ಅಂದಳು.

ಉದ್ಘಾಟನೆ

ಉದ್ಘಾಟನೆಯ ದಿನ ಮಾಡೆಲನ್ನು ವ್ಯಾನಿನಲ್ಲಿಟ್ಟುಕೊಂಡು, ಮಾಚೇನಹಳ್ಳಿಯ ಒಂದೊಂದು ರೋಡ್ ಹಂಪ್‌ಗೂ ದೇವರನ್ನು ನೆನೆಯುತ್ತಾ ಭದ್ರಾವತಿ ಸೇರಿದೆವು. ಹಳಿಯ ಎರಡೂ ಬದಿಗೆ ಹುಲ್ಲು ತುಂಬಿ ನಿಂತಿತ್ತು. ಡ್ರೈವರ್ ಬಗ್ಗಿ ಬೆರಳಿನಿಂದ ಮೆಲ್ಲಗೆ ಸವರಿದರು. ಹುಲ್ಲು ಬಾಗಿ ಮತ್ತೆ ಎದ್ದಿತು. ಅವರು ನನ್ನ ಭುಜ ಹಿಡಿದುಕೊಂಡರು.

ಆದರೆ ನಮ್ಮಲ್ಲಿ ಪೂಜೆಯಿಲ್ಲದೆ ಯಾವುದೂ ಶುರುವಾಗುವುದಿಲ್ಲ. ಪುರೋಹಿತರು ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದರು. ಹಾರ ನೇತುಹಾಕಲು ಮೊಳೆ ಬೇಕೆಂದು ಯಾರೋ ನನ್ನ ಸಾಮಾನಿನಲ್ಲಿದ್ದ ಮೊಳೆಯನ್ನೇ ಗೋಡೆಗೆ ಹೊಡೆದರು. ಆಮೇಲೆ ಇನ್ನೊಬ್ಬರು ತೆಂಗಿನಕಾಯಿಯನ್ನು ಭಕ್ತಿಯಿಂದ ಮೇಜಿನ ಅಂಚಿಗೇ ಒಡೆದರು. ನೀರು ಪೂರ್ತಿ ಹಲಗೆಯ ಮೂಲೆಗೆ ಹರಿದು ಒಂದು ಗದ್ದೆಯಷ್ಟು ಹುಲ್ಲು ತೇಲಿಕೊಂಡು ಹೋಯಿತು.

ಕಾರ್ಯದರ್ಶಿಗಳ ಮುಖ ಅರಳಿತು. "ನೀರು ಆಗಲೇ ಬಂದಿದೆ, ಇನ್ನು ಮೀನು ಬಿಟ್ರಾಯ್ತು" ಅಂದರು.

ಡ್ರೈವರ್ ಮುಖ ಬಿಳಿಚಿಕೊಂಡಿತು. ನನಗೆ ಸಿಟ್ಟೇ ಬಂತು. "ಇಲ್ಲೇ ಬೆಳೆಸ್ತೀನಿ, ನಿಂತು ನೋಡಿ" ಅಂತ ಮೂಲೆ ಒರೆಸಿ ಹೊಸ ಗೋಂದು ಬಳಿದೆ. ಬ್ಯಾಟು ತೆಗೆದೆ, ಅಡಿಕೆ ಇಟ್ಟೆ. ಕ್ಲಿಪ್ ಸಿಕ್ಕಿಸಲು ನೋಡಿದರೆ ಮೊಳೆ ಗೋಡೆಯಲ್ಲಿ, ಅದರ ಮೇಲೆ ಹಾರ.

"ಅದೇನು ತಂತಿ, ಕೊಡಿ ನಾನು ಹಿಡ್ಕೋತೀನಿ" ಅಂತ ಕಾರ್ಯದರ್ಶಿಗಳೇ ಕ್ಲಿಪ್ ಇಸಿದುಕೊಂಡರು. ಎಲ್ಲವೂ ತಮ್ಮ ಕೈಯಲ್ಲೇ ಆಗಬೇಕು ಎನ್ನುವ ಸ್ವಭಾವ. ನಾನು ಬೇಡ ಅನ್ನುವಷ್ಟರಲ್ಲಿ ನನ್ನ ಕೈ ಆಗಲೇ ಜರಡಿ ಅಲ್ಲಾಡಿಸುತ್ತಿತ್ತು. "ಎಲ್ರೀ ಎದ್ದು ನಿಲ್ತಿದೆ? ಏನೂ ಕಾಣ್ತಿಲ್ವಲ್ಲ" ಅಂತ ಅವರು ತಲೆಯನ್ನು ಜರಡಿಯ ಕೆಳಗೇ ತೂರಿಸಿದರು.

ಅವರದು ಪೂರ್ತಿ ಬೋಳುತಲೆ. ಹಬ್ಬದ ಕಳೆಗೆ ಕೊಬ್ಬರಿ ಎಣ್ಣೆ ಬೇರೆ ತಿಕ್ಕಿದ್ದರು. ಎಳೆಗಳಿಗೆ ಗೋಂದಿಗಿಂತ ತಂತಿ ಹಿಡಿದವರೇ ಹತ್ತಿರವಾದರು. ಚಿಟಚಿಟ ಸದ್ದು ನಿಂತಾಗ ಹಲಗೆಯ ಮೇಲೆ ಒಂದು ಎಳೆಯೂ ಇರಲಿಲ್ಲ. ಕಾರ್ಯದರ್ಶಿಗಳ ನೆತ್ತಿಯ ಮೇಲೆ ಸೊಂಪಾದ ಹಸಿರು ಹುಲ್ಲು ನೆಟ್ಟಗೆ ನಿಂತಿತ್ತು.

ರೈಲಿನ ಕಥೆ ಮುಗಿಯಿತು ಅಂದುಕೊಂಡೆ. ಡ್ರೈವರ್ ಮಾತ್ರ ಹತ್ತಿರ ಹೋಗಿ ಕಣ್ಣಗಲಿಸಿ ನೋಡಿ, "ಸಾರ್, ಅಲ್ಲಾಡಬೇಡಿ. ಬಹಳ ಚೆನ್ನಾಗಿ ನಿಂತಿದೆ" ಅಂದರು.

ಕಾರ್ಯದರ್ಶಿಗಳು ಟ್ರೋಫಿ ಬೀರುವಿನ ಗಾಜಿನೆದುರು ಹೋಗಿ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಅಂಗೈಯಿಂದ ಮೆಲ್ಲಗೆ ಮುಟ್ಟಿ ನೋಡಿಕೊಂಡರು. ಆಮೇಲೆ ಸಭೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು, "ಮೀನು ಬೇಡ. ರೈಲೇ ಇರ್ಲಿ" ಅಂದರು. ಚಪ್ಪಾಳೆ ಬಿತ್ತು. ಡ್ರೈವರ್ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

ಎಲ್ಲರೂ ಉಪ್ಪಿಟ್ಟು ಕೇಸರಿಭಾತಿನ ಕಡೆ ಹೊರಟಾಗ ಕಾರ್ಯದರ್ಶಿಗಳು ನನ್ನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದರು. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಇದು ಕಪ್ಪು ಬಣ್ಣದಲ್ಲಿ ಸಿಗುತ್ತೇನ್ರೀ?"